ತಿಂಗಳು ತುಂಬದ ಮಗುವಿನ ಹಾಲು: ಹಕ್ಕು ಯಾರದು, ಖರ್ಚು ಎಷ್ಟು?

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಸಲಾತ್ ಮತ್ತು ಸಲಾಮ್ ಇರಲಿ.

ಮಕ್ಕಳ ಹಕ್ಕುಗಳ ಬಗ್ಗೆ ಜುಮಾ ಪ್ರವಚನ ಮಾಡಿದ ದಿನ ನಮಾಝ್ ಮುಗಿದ ಮೇಲೆ ಕೇಳಿಬರುವ ಪ್ರಶ್ನೆಗಳಲ್ಲಿ ಒಂದು ಬಗೆಯವು ಮತ್ತೆ ಮತ್ತೆ ಬರುತ್ತವೆ. ಮಗು ಏಳನೇ ತಿಂಗಳಿಗೇ ಹುಟ್ಟಿದೆ, ತೂಕ ಒಂದೂವರೆ ಕಿಲೋ, ಮೈಸೂರಿನ ಆಸ್ಪತ್ರೆಯಲ್ಲಿದೆ. ಡಾಕ್ಟರು ತಾಯಿಯ ಹಾಲೇ ಬೇಕು ಎನ್ನುತ್ತಾರೆ, ಮನೆಯವರು ಡಬ್ಬಿ ಹಾಲು ತಂದರೆ ಸಾಕಲ್ಲವೇ ಎನ್ನುತ್ತಾರೆ. ತಾಯಿಯನ್ನು ಅಷ್ಟು ದಿನ ಅಲ್ಲಿ ಇರಿಸುವ ಖರ್ಚು ಹೇಗೆ? ಬೇರೆ ಹೆಂಗಸಿನ ಹಾಲು ಕುಡಿಸಬಹುದೇ? ಹಾಲಿನ ಬ್ಯಾಂಕಿನ ಹಾಲು ಹಲಾಲೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಈ ನಾಲ್ಕು ತಾಲೂಕುಗಳ ನಮ್ಮ ಜನರಲ್ಲಿ ಹೆಚ್ಚಿನವರು ದಿನಗೂಲಿ, ಸಣ್ಣ ವ್ಯಾಪಾರ, ಹೊಲದ ಕೆಲಸ ನಂಬಿದವರು. ಅವರಿಗೆ ಇದು ಕೇವಲ ಮಸ್ಅಲೆಯ ಪ್ರಶ್ನೆಯಲ್ಲ, ಜೇಬಿನ ಪ್ರಶ್ನೆಯೂ ಹೌದು. ಆದ್ದರಿಂದ ದೀನ್ ಏನು ಹೇಳುತ್ತದೆ, ವೈದ್ಯಶಾಸ್ತ್ರ ಏನು ಹೇಳುತ್ತದೆ, ಮನೆಯ ಲೆಕ್ಕ ಏನು ಹೇಳುತ್ತದೆ ಎಂಬ ಮೂರನ್ನೂ ಒಟ್ಟಿಗೆ ನೋಡೋಣ.

ಕುರ್‌ಆನ್ ಹೇಳುವ ವ್ಯವಸ್ಥೆ

ಹಾಲೂಡಿಸುವ ವಿಷಯದಲ್ಲಿ ಮುಖ್ಯವಾದ ಆಯತ್ ಸೂರಃ ಅಲ್ ಬಕರಃದ 233ನೆಯದು. ಅದರ ಸಾರವನ್ನು ನೋಡಿ. ಪೂರ್ಣಗೊಳಿಸಬಯಸುವವರಿಗೆ ಹಾಲೂಡಿಸುವ ಅವಧಿ ಎರಡು ವರ್ಷ. ಹಾಲೂಡಿಸುವ ತಾಯಿಯ ಅನ್ನ ಬಟ್ಟೆ ತಂದೆಯ ಹೊಣೆ. ಯಾರ ಮೇಲೂ ಅವರ ಶಕ್ತಿ ಮೀರಿದ ಭಾರ ಇಲ್ಲ. ಮಗುವಿನ ನೆಪದಲ್ಲಿ ತಾಯಿಗೂ ತೊಂದರೆಯಾಗಬಾರದು, ತಂದೆಗೂ ತೊಂದರೆಯಾಗಬಾರದು. ಹಾಲು ಬಿಡಿಸುವುದಾದರೆ ಇಬ್ಬರೂ ಸಮಾಲೋಚಿಸಿ ತೀರ್ಮಾನಿಸಬೇಕು. ಬೇರೊಬ್ಬ ಸ್ತ್ರೀಯಿಂದ ಹಾಲೂಡಿಸುವುದಾದರೆ ಅವಳಿಗೆ ಕೊಡಬೇಕಾದುದನ್ನು ನ್ಯಾಯವಾಗಿ ಕೊಡಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಾಲು ಕೊಡುವವಳು ತಾಯಿ, ಆದರೆ ಅದರ ಖರ್ಚಿನ ಪಟ್ಟಿ ತಂದೆಯ ಹೆಸರಿನಲ್ಲಿದೆ. ತಾಯಿಯ ಹಾಲು ಬಿಟ್ಟಿ ಎಂದು ನಾವು ಹೇಳುತ್ತೇವೆ. ಅದು ಬಿಟ್ಟಿ ಅಲ್ಲ ಎಂದು ಕುರ್‌ಆನ್ ಹದಿನಾಲ್ಕು ಶತಮಾನಗಳ ಹಿಂದೆಯೇ ಹೇಳಿದೆ. ತಾಯಿ ತಿನ್ನಬೇಕು, ಉಡಬೇಕು, ಆರಾಮವಾಗಿರಬೇಕು. ಆಗ ಹಾಲು ಇರುತ್ತದೆ.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಬಗ್ಗೆಯೂ ನಮ್ಮ ವಿದ್ವಾಂಸರು ಯೋಚಿಸಿದ್ದಾರೆ. ಸೂರಃ ಅಲ್ ಅಹ್‌ಕಾಫ್‌ನ 15ನೇ ಆಯತಿನಲ್ಲಿ ಹೊರುವುದು ಮತ್ತು ಹಾಲು ಬಿಡಿಸುವುದು ಸೇರಿ 30 ತಿಂಗಳು ಎಂದಿದೆ. ಹಾಲಿನ ಎರಡು ವರ್ಷ ಕಳೆದರೆ ಉಳಿಯುವುದು 6 ತಿಂಗಳು. ಗರ್ಭದ ಕನಿಷ್ಠ ಅವಧಿ ಆರು ತಿಂಗಳು ಎಂಬ ತೀರ್ಮಾನಕ್ಕೆ ಸಹಾಬಿಗಳು ಬಂದದ್ದು ಹೀಗೆ. ಅಂದರೆ ಏಳನೇ ತಿಂಗಳಿಗೆ ಹುಟ್ಟಿದ ಮಗು ಅರೆಮಗುವಲ್ಲ. ಅದಕ್ಕೆ ಹೆಸರಿನ ಹಕ್ಕಿದೆ, ವಾರಸುದಾರಿಕೆಯ ಹಕ್ಕಿದೆ, ಹಾಲಿನ ಹಕ್ಕಿದೆ. ಉಳಿಯುವುದೋ ಇಲ್ಲವೋ ನೋಡಿ ಆಮೇಲೆ ಖರ್ಚು ಮಾಡೋಣ ಎಂಬ ಮಾತು ಮುಸಲ್ಮಾನನ ಬಾಯಲ್ಲಿ ಬರಬಾರದು.

ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ನಂಬಿಕೆಯೂ ನಮ್ಮ ಕಡೆ ಇದೆ. ಇದಕ್ಕೆ ದೀನಿನ ಆಧಾರವೂ ಇಲ್ಲ, ವೈದ್ಯಶಾಸ್ತ್ರದ ಆಧಾರವೂ ಇಲ್ಲ. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ.

ಇಂಥ ಮಗುವಿಗೆ ಹಾಲು ಏಕೆ ಬೇರೆ ವಿಷಯ?

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಮಗು ಎನ್ನುತ್ತಾರೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 1 ಕೋಟಿ 34 ಲಕ್ಷ. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ನಮ್ಮ ಭಾರತದಲ್ಲಿ ಹುಟ್ಟಿದವರು. ಬೇರೆ ಯಾವ ದೇಶದಲ್ಲೂ ಇಷ್ಟಿಲ್ಲ.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಬರುವುದು ಸುಮಾರು 34 ವಾರದ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದರೆ ಎದೆಗೆ ಹಾಕಿದರೂ ಚೀಪಲಾರದು. ಆಗ ತಾಯಿ ಹಾಲನ್ನು ಹಿಂಡಿ ಕೊಡಬೇಕು. ತೀರಾ ಸಣ್ಣ ಮಗುವಿಗೆ ಮೂಗಿನ ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ಸಣ್ಣ ನಳಿಕೆಯಲ್ಲಿ ಕೊಡುತ್ತಾರೆ. 32 ವಾರ ದಾಟಿದ ಮೇಲೆ ಸಾಮಾನ್ಯವಾಗಿ ಚಮಚ ಅಥವಾ ಒಳಲೆಯಲ್ಲಿ ಕೊಡಬಹುದು. ನಮ್ಮ ಅಜ್ಜಿಯರ ಕಾಲದ ಅದೇ ಒಳಲೆ ಇಂದು ಆಸ್ಪತ್ರೆಯ ನವಜಾತ ಶಿಶು ವಾರ್ಡಿನಲ್ಲೂ ಇದೆ. ಬಾಟಲಿಗಿಂತ ಅದು ತೊಳೆಯಲು ಸುಲಭ, ಕುದಿಸಲು ಸುಲಭ, ಬೆಲೆ ಅತಿ ಕಡಿಮೆ.

ಇಂಥ ಮಗುವಿನ ಕರುಳು ಇನ್ನೂ ಎಳೆಯದು. ಕರುಳು ಊದಿ, ಅದರ ಗೋಡೆ ಕೊಳೆತು ಹೋಗುವ ಒಂದು ಭಯಂಕರ ಕಾಯಿಲೆ ಅವಧಿಪೂರ್ವ ಮಕ್ಕಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ದಾನಿ ತಾಯಂದಿರ ಹಾಲು ಕುಡಿದ ಮಕ್ಕಳಿಗೆ ಹೋಲಿಸಿದರೆ ಡಬ್ಬಿ ಹಾಲು ಕುಡಿದ ಸಣ್ಣ ಮಕ್ಕಳಲ್ಲಿ ಈ ಕಾಯಿಲೆ ಹತ್ತಿರ ಹತ್ತಿರ ಎರಡು ಪಟ್ಟು ಎಂದು ಹಲವು ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಮರ್ಶೆ ಹೇಳುತ್ತದೆ. ಡಬ್ಬಿ ಹಾಲು ಕುಡಿದ ಮಕ್ಕಳ ತೂಕ ಸ್ವಲ್ಪ ಬೇಗ ಏರುತ್ತದೆ ಎಂಬುದನ್ನೂ ಅದೇ ವಿಮರ್ಶೆ ಹೇಳುತ್ತದೆ; ಅದನ್ನು ಮುಚ್ಚಿಡಬೇಕಿಲ್ಲ. ಆದರೆ ತೂಕ ಆಮೇಲೂ ಬರುತ್ತದೆ, ಕೊಳೆತ ಕರುಳು ಮರಳಿ ಬರುವುದಿಲ್ಲ.

ನಮ್ಮ ದೇಶದ್ದೇ ಒಂದು ಹಳೆಯ ಪರೀಕ್ಷೆ ಇದೆ. ದೆಹಲಿಯಲ್ಲಿ ಡಾ. ಇಂದಿರಾ ನಾರಾಯಣನ್ ಮತ್ತು ಸಂಗಡಿಗರು ಕಡಿಮೆ ತೂಕದ ಮಕ್ಕಳನ್ನು ಗುಂಪು ಮಾಡಿ ಬೇರೆ ಬೇರೆ ಹಾಲು ಕೊಟ್ಟು ನೋಡಿದರು. 1984ರಲ್ಲಿ ಅದು ಪ್ರಕಟವಾಯಿತು. ಕಾಯಿಸದ ತಾಯಿಹಾಲು ಮಾತ್ರ ಪಡೆದ ಗುಂಪಿನಲ್ಲಿ ಸೋಂಕು ತಗಲಿದ್ದು ಸುಮಾರು ಹತ್ತರಲ್ಲಿ ಒಂದು ಮಗುವಿಗೆ. ಕಾಯಿಸಿದ ತಾಯಿಹಾಲಿನ ಜೊತೆ ಡಬ್ಬಿ ಹಾಲು ಸೇರಿಸಿದ ಗುಂಪಿನಲ್ಲಿ ಮೂರರಲ್ಲಿ ಒಂದು ಮಗುವಿಗೆ.

ಯಾವ ಹಾಲು ಮೊದಲು, ಯಾವುದು ಆಮೇಲೆ?

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅವಧಿಪೂರ್ವ ಮತ್ತು ಕಡಿಮೆ ತೂಕದ ಮಕ್ಕಳ ಆರೈಕೆಗೆ ಹೊಸ ಶಿಫಾರಸುಗಳನ್ನು ಕೊಟ್ಟಿತು. ಅದರ ಕ್ರಮ ಸರಳವಾಗಿದೆ. ಮೊದಲನೆಯದು ಹೆತ್ತ ತಾಯಿಯ ಹಾಲು. ಅದು ಸಿಗದಿದ್ದರೆ, 32 ವಾರಕ್ಕೂ ಮೊದಲು ಹುಟ್ಟಿದ ಅಥವಾ ಒಂದೂವರೆ ಕಿಲೋಗಿಂತ ಕಡಿಮೆ ಇರುವ ಮಗುವಿಗೆ ದಾನಿ ತಾಯಿಯ ಹಾಲು. ಅದೂ ಇಲ್ಲದಿದ್ದರೆ ಡಬ್ಬಿ ಹಾಲು. ತೀರಾ ಸಣ್ಣ ಮಕ್ಕಳಿಗೆ ತಾಯಿಹಾಲಿಗೇ ಸೇರಿಸುವ ಪೌಷ್ಟಿಕ ಪುಡಿಯೊಂದಿದೆ. ಅದು ಬೇಕೋ ಬೇಡವೋ ಎಂಬುದನ್ನು ತೂಕ ನೋಡಿ ಡಾಕ್ಟರು ಹೇಳಬೇಕು. ಎಲ್ಲ ಮಕ್ಕಳಿಗೂ ಅದು ಬೇಕಿಲ್ಲ. ನೀರು ಬೆರೆಸಿದ ಹಸುವಿನ ಹಾಲು ಈ ಪಟ್ಟಿಯಲ್ಲೇ ಇಲ್ಲ.

ಹೆರಿಗೆಯಾದ ಮೊದಲ ಗಂಟೆಗಳಲ್ಲೇ ಹಾಲು ಹಿಂಡಲು ಆರಂಭಿಸಬೇಕು. ಹಗಲೂ ರಾತ್ರಿ ಎರಡು ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲವಾದರೂ. ಮೊದಲ ದಿನ ಬರುವುದು ಕೆಲವೇ ಹನಿ. ಅದನ್ನು ನೋಡಿ ಹಾಲೇ ಇಲ್ಲ ಎಂದು ನಿರ್ಧರಿಸುವುದೇ ನಮ್ಮ ಮನೆಗಳಲ್ಲಿ ನಡೆಯುವ ದೊಡ್ಡ ನಷ್ಟ. ಒಂದೂವರೆ ಕಿಲೋ ಮಗುವಿಗೆ ಮೊದಲ ದಿನಗಳಲ್ಲಿ ಡಾಕ್ಟರು ಹೇಳುವುದೂ ಒಂದು ಹೊತ್ತಿಗೆ ಕೆಲವೇ ಮಿಲಿಲೀಟರ್. ಹಿಂಡಿದಷ್ಟೂ ಹಾಲು ಊರುತ್ತದೆ, ಬಿಟ್ಟರೆ ಬತ್ತುತ್ತದೆ. ಬೆಲೆಬಾಳುವ ವಿದ್ಯುತ್ ಪಂಪು ಬೇಕಿಲ್ಲ. ಕೈ ತೊಳೆದು, ಕುದಿಸಿದ ಬಟ್ಟಲಿಗೆ ಕೈಯಿಂದಲೇ ಹಿಂಡಬಹುದು. ಹೇಗೆಂದು ವಾರ್ಡಿನ ನರ್ಸಮ್ಮನವರು ಕಲಿಸುತ್ತಾರೆ. ಹಿಂಡಿದ ಹಾಲು ಮುಚ್ಚಿಟ್ಟರೆ ಕೋಣೆಯ ತಂಪಿನಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇರುತ್ತದೆ.

ಮನೆಯ ಲೆಕ್ಕ

ಈಗ ಖರ್ಚಿಗೆ ಬರೋಣ. ಇಲ್ಲಿನ ಬೆಲೆಗಳು ಲೆಕ್ಕಕ್ಕಾಗಿ ನಾವು ಹಿಡಿದುಕೊಂಡವು. ನಿಮ್ಮ ಊರಿನ ಬೆಲೆ ಹಾಕಿ ನೀವೂ ಲೆಕ್ಕ ಮಾಡಿ.

400 ಗ್ರಾಂ ಡಬ್ಬಿಯಿಂದ ಸುಮಾರು 3 ಲೀಟರ್ ಹಾಲಾಗುತ್ತದೆ. ಡಬ್ಬಿಗೆ 500 ರೂಪಾಯಿ ಎಂದಿಟ್ಟುಕೊಳ್ಳಿ. ಮಗುವಿಗೆ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 150 ಮಿಲಿಲೀಟರ್ ಬೇಕು. ಎರಡು ಕಿಲೋ ಮಗುವಿಗೆ ದಿನಕ್ಕೆ 300 ಮಿಲಿಲೀಟರ್, ತಿಂಗಳಿಗೆ 9 ಲೀಟರ್, ಅಂದರೆ 3 ಡಬ್ಬಿ, 1,500 ರೂಪಾಯಿ. ಮಗು ಬೆಳೆದಂತೆ ಎರಡನೇ ತಿಂಗಳು 4 ಡಬ್ಬಿ, ಮೂರನೇ ತಿಂಗಳು 5, ನಾಲ್ಕನೇ ತಿಂಗಳು 6, ಐದು ಮತ್ತು ಆರನೇ ತಿಂಗಳು ಏಳೇಳು. ಆರು ತಿಂಗಳಿಗೆ ಒಟ್ಟು 32 ಡಬ್ಬಿ, 16,000 ರೂಪಾಯಿ. ಅವಧಿಪೂರ್ವ ಮಕ್ಕಳಿಗೆಂದೇ ಮಾಡಿದ ಪುಡಿಯಾದರೆ ಬೆಲೆ ಇನ್ನೂ ಜಾಸ್ತಿ. ಗ್ಯಾಸು, ಬಟ್ಟಲು, ರಾತ್ರಿ ಎದ್ದು ನೀರು ಕುದಿಸುವ ಶ್ರಮ ಬೇರೆ.

ತಾಯಿಯ ಹಾಲಿನ ಲೆಕ್ಕ ನೋಡಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಒಂದು ಮುದ್ದೆ, ಒಂದು ಬಟ್ಟಲು ಬೇಳೆ ಸೊಪ್ಪಿನ ಸಾರು, ಎರಡು ಮೊಟ್ಟೆ, ಒಂದು ಲೋಟ ಹಾಲು. ದಿನಕ್ಕೆ 50 ರೂಪಾಯಿ ಎಂದರೂ ಆರು ತಿಂಗಳಿಗೆ 9,000. ಅಂಗನವಾಡಿಯ ಮಾತೃಪೂರ್ಣ ಯೋಜನೆಯ ಬಿಸಿಯೂಟ ತೆಗೆದುಕೊಂಡರೆ ಅದರಲ್ಲೂ ಬಹಳಷ್ಟು ಉಳಿಯುತ್ತದೆ. 2017ರಿಂದ ಗರ್ಭಿಣಿ ಮತ್ತು ಬಾಣಂತಿಯರಿಗೆ ಇದು ಇದೆ. ಅಂಗನವಾಡಿಗೆ ಹೋಗಿ ಊಟ ಮಾಡುವುದು ಮಾನಕ್ಕೆ ಕಡಿಮೆ ಎಂದು ಯಾರೂ ತಿಳಿಯಬೇಡಿ.

ಆದರೆ ಅವಧಿಪೂರ್ವ ಮಗುವಿನ ವಿಷಯದಲ್ಲಿ ಇನ್ನೊಂದು ಖರ್ಚಿದೆ. ತಾಯಿ ಮೈಸೂರಿನಲ್ಲಿ ಮಗುವಿನ ಬಳಿ ಇರಬೇಕು. ಇಪ್ಪತ್ತು ದಿನ ಎಂದಿಟ್ಟುಕೊಳ್ಳಿ. ಅವಳ ಮತ್ತು ಜೊತೆಗಿರುವವರ ಊಟ ತಿಂಡಿಗೆ ದಿನಕ್ಕೆ 200ರಂತೆ 4,000 ರೂಪಾಯಿ. ತಂದೆ ಹತ್ತು ಸಲ ಬಂದು ಹೋದರೆ ಬಸ್ ಖರ್ಚು, ಜೊತೆಗೆ ಹತ್ತು ದಿನದ ಕೂಲಿ ನಷ್ಟ; ಎಲ್ಲ ಸೇರಿ 7,000 ಎಂದಿಟ್ಟುಕೊಂಡರೆ ಒಟ್ಟು 11,000. ಇದೇ ಇಪ್ಪತ್ತು ದಿನಕ್ಕೆ ಡಬ್ಬಿ ಹಾಲಿನ ಖರ್ಚು 1,000 ರೂಪಾಯಿ.

ನಮ್ಮ ಜನ ಎಡವುವುದು ಇಲ್ಲಿಯೇ. ಹನ್ನೊಂದು ಸಾವಿರ ಎಲ್ಲಿ, ಒಂದು ಸಾವಿರ ಎಲ್ಲಿ ಎಂದು ಬಾಣಂತಿಯನ್ನು ಊರಿಗೆ ಕರೆದೊಯ್ಯುತ್ತಾರೆ, ಮಗುವಿಗೆ ಡಬ್ಬಿ ತಂದುಕೊಡುತ್ತಾರೆ. ಮೊದಲ ತಿಂಗಳ ಲೆಕ್ಕದಲ್ಲಿ ಡಬ್ಬಿ ಅಗ್ಗವಾಗಿಯೇ ಕಾಣುತ್ತದೆ. ಆದರೆ ಹಾಲು ನೆಲೆಯಾಗುವುದು ಮೊದಲ ಎರಡು ವಾರಗಳಲ್ಲಿ. ಆ ಎರಡು ವಾರ ಹಿಂಡದೆ ಬಿಟ್ಟರೆ ಎದೆ ಬತ್ತುತ್ತದೆ. ಮಗು ಮನೆಗೆ ಬಂದಾಗ ಹಾಲಿರುವುದಿಲ್ಲ. ಉಳಿದ ತಿಂಗಳುಗಳ ಡಬ್ಬಿಯೂ ತಲೆಯ ಮೇಲೆ ಬೀಳುತ್ತದೆ. ಮಗುವಿಗೆ ಸೋಂಕು ತಗಲಿ ಒಂದು ವಾರ ಮತ್ತೆ ಸೇರಿಸಬೇಕಾದರೆ, ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ 5,000 ಎಂದು ಹಿಡಿದರೂ 35,000 ರೂಪಾಯಿ. ಡಬ್ಬಿಯ ಅಗ್ಗ ಅಲ್ಲಿಗೆ ಮುಗಿಯಿತು. ಅಷ್ಟಕ್ಕೇ ಮುಗಿದರೆ ಅದೃಷ್ಟ. ಹಣ ತೆತ್ತರೂ ಮಗು ಮರಳದ ಮನೆಗಳಿವೆ.

ಆದ್ದರಿಂದ ಲೆಕ್ಕದ ಸಾರ ಇಷ್ಟು: ಹಣ ಹಾಕಬೇಕಾದ್ದು ಡಬ್ಬಿಯ ಮೇಲಲ್ಲ, ಮೊದಲ ಎರಡು ಮೂರು ವಾರ ತಾಯಿಯನ್ನು ಮಗುವಿನ ಬಳಿ ಇರಿಸುವುದರ ಮೇಲೆ.

ಆ ಹನ್ನೊಂದು ಸಾವಿರವನ್ನು ಕಡಿಮೆ ಮಾಡುವುದು ಹೇಗೆ?

ಒಂದು, ಸರ್ಕಾರಿ ಸೌಲಭ್ಯ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಪರೀಕ್ಷೆ, ಖಾಯಿಲೆ ಬಿದ್ದ ನವಜಾತ ಶಿಶುವಿನ ಚಿಕಿತ್ಸೆ, ಸಾಗಾಟ ಎಲ್ಲ ಉಚಿತ. ತಾಲೂಕು ಆಸ್ಪತ್ರೆಯಿಂದ ಮುಂದಕ್ಕೆ ಕಳಿಸಿದಾಗ ಮೈಸೂರಿನ ಚೆಲುವಾಂಬ ಆಸ್ಪತ್ರೆ ಇದೆ. ಗಾಬರಿಯಲ್ಲಿ ಬಾಡಿಗೆ ಕಾರು ಹಿಡಿಯುವ ಬದಲು 108ಕ್ಕೆ ಕರೆ ಮಾಡಿ. ಬಿ.ಪಿ.ಎಲ್. ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ದಾಖಲಾಗುವ ದಿನವೇ ವಿಚಾರಿಸಿ.

ಎರಡು, ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಪಿರಿಯಾಪಟ್ಟಣದಿಂದಾಗಲಿ ಹೆಚ್.ಡಿ. ಕೋಟೆಯಿಂದಾಗಲಿ ನಾನಿ, ದಾದಿ, ಖಾಲಾ, ಫುಫ್ಫಿಯರು ಸರದಿಯ ಮೇಲೆ ಹೋಗಿ ಬಂದರೆ ಟಿಕೆಟ್ಟೂ ಇಲ್ಲ, ತಂದೆಯ ಕೂಲಿಯೂ ತಪ್ಪುವುದಿಲ್ಲ. ಅವರು ಊಟ ತಂದರೆ ಹೋಟೆಲಿನ ಖರ್ಚೂ ಇಲ್ಲ.

ಮೂರು, ಅಕೀಕಾ. ಏಳನೇ ದಿನವೇ ಆಗಬೇಕೆಂದು ಸಾಲ ಮಾಡಿ ಆಡು ತಂದು ಊರಿಗೆ ಊಟ ಹಾಕುವವರಿದ್ದಾರೆ. ಅತ್ತ ತಾಯಿ ಆಸ್ಪತ್ರೆಯಲ್ಲಿ ಚಹಾ ಬನ್ನಿನ ಮೇಲೆ ಇರುತ್ತಾಳೆ. ಅಕೀಕಾ ಪುಣ್ಯದ ಕೆಲಸ, ಆದರೆ ಅದು ಫರ್ಝ್ ಅಲ್ಲ. ಏಳನೇ ದಿನ ಆಗದಿದ್ದರೆ ಹದಿನಾಲ್ಕನೇ ದಿನ, ಇಪ್ಪತ್ತೊಂದನೇ ದಿನ, ಇಲ್ಲವೇ ಅನುಕೂಲವಾದಾಗ ಮಾಡಬಹುದು. ತಾಯಿಯ ಅನ್ನ ಮಾತ್ರ ತಂದೆಯ ಮೇಲೆ ಕಡ್ಡಾಯ. ಕಡ್ಡಾಯವನ್ನು ಬಿಟ್ಟು ಐಚ್ಛಿಕಕ್ಕೆ ಸಾಲ ಮಾಡುವುದು ದೀನಿನ ತಿಳುವಳಿಕೆಯಲ್ಲ.

ಎದೆಗೆ ಅಪ್ಪಿ ಬೆಳೆಸುವ ಕ್ರಮ

ಖರ್ಚಿಲ್ಲದ ಇನ್ನೊಂದು ಆರೈಕೆಯನ್ನು ಹೇಳಲೇಬೇಕು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ, ಡಾಕ್ಟರುಗಳು ಸಣ್ಣ ಮಕ್ಕಳನ್ನು ತಾಯಿಯ ಬರಿ ಎದೆಗೆ ಕಟ್ಟಿ ಬೆಳೆಸಿದರು. ಇದನ್ನೇ ಇಂದು ಕಾಂಗರೂ ಆರೈಕೆ ಎನ್ನುತ್ತಾರೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ 3,211 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಈ ಕ್ರಮ ಆರಂಭಿಸಿದ ಗುಂಪಿನಲ್ಲಿ 28 ದಿನದೊಳಗೆ ತೀರಿಕೊಂಡವರು ನೂರಕ್ಕೆ 12. ಸ್ಥಿತಿ ಸುಧಾರಿಸಿದ ಮೇಲೆ ಆರಂಭಿಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 16. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯಲ್ಲೂ ಸರ್ಕಾರಿ ಆಸ್ಪತ್ರೆ ಮತ್ತು ಮನೆಗಳಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ನೋಡಿದ್ದಾರೆ.

ದಿನಕ್ಕೆ 8 ಗಂಟೆಯಾದರೂ, ಆದಷ್ಟು ಹೆಚ್ಚು ಹೊತ್ತು ಹೀಗೆ ಅಪ್ಪಿಕೊಳ್ಳಬೇಕು. ಮೈ ಬೆಚ್ಚಗಿರುತ್ತದೆ, ತಾಯಿಗೆ ಹಾಲು ಇಳಿಯುತ್ತದೆ. ತಾಯಿಗೆ ದಣಿವಾದರೆ ತಂದೆಯೂ ಅಪ್ಪಿಕೊಳ್ಳಬಹುದು, ದಾದಿಯೂ ಅಪ್ಪಿಕೊಳ್ಳಬಹುದು. ಪರದೆಯ ಪ್ರಶ್ನೆ ಎತ್ತುವವರಿಗೆ ಹೇಳುವುದೇನೆಂದರೆ, ಮೇಲೆ ಚಾದರ ಹೊದ್ದು ಕುಳಿತರೆ ಸಾಕು. ನಿಫಾಸಿನಲ್ಲಿರುವ ತಾಯಿ ನಾಪಾಕಿಯಾದ್ದರಿಂದ ಮಗುವನ್ನು ಎದೆಗೆ ಹಾಕಬಾರದು ಎನ್ನುವವರ ಮಾತು ತಪ್ಪು. ನಿಫಾಸಿನಲ್ಲಿ ಅವಳಿಗೆ ನಮಾಝ್ ಮತ್ತು ಉಪವಾಸ ಇಲ್ಲ, ಅಷ್ಟೇ. ಅವಳ ಮೈ, ಬೆವರು, ಹಾಲು ಎಲ್ಲವೂ ಪಾಕ್.

ಬೇರೆ ತಾಯಿಯ ಹಾಲು ಮತ್ತು ಹಾಲಿನ ಸಂಬಂಧ

ಹೆತ್ತ ತಾಯಿಗೆ ಹಾಲು ಸಾಲದಿದ್ದರೆ ಅಥವಾ ಅವಳೇ ತೀವ್ರ ಖಾಯಿಲೆಯಲ್ಲಿದ್ದರೆ ಬೇರೊಬ್ಬ ಸ್ತ್ರೀ ಹಾಲು ಕೊಡುವುದು ನಮ್ಮಲ್ಲಿ ನಾಚಿಕೆಯ ವಿಷಯವಲ್ಲ. ನಮ್ಮ ಪ್ರವಾದಿ(ಸ)ರೇ ಹಲೀಮಾ ಸಅದಿಯ್ಯಾ(ರ)ರ ಹಾಲು ಕುಡಿದು ಬೆಳೆದವರು. ಆದರೆ ಇದರಿಂದ ಹಾಲಿನ ಸಂಬಂಧ ಹುಟ್ಟುತ್ತದೆ. ಸೂರಃ ಅನ್ನಿಸಾದ 23ನೇ ಆಯತಿನಲ್ಲಿ ಮದುವೆಗೆ ನಿಷಿದ್ಧರಾದವರ ಪಟ್ಟಿಯಲ್ಲಿ ಹಾಲಿನ ತಾಯಿ ಮತ್ತು ಹಾಲಿನ ಸಹೋದರಿಯರಿದ್ದಾರೆ. ನಮ್ಮ ಕಡೆ ಹೆಚ್ಚಾಗಿರುವ ಹನಫಿ ಮಝ್‌ಹಬ್ ಪ್ರಕಾರ ಹಾಲಿನ ವಯಸ್ಸಿನೊಳಗೆ ಸ್ವಲ್ಪವೇ ಹಾಲು ಹೊಟ್ಟೆಗೆ ಹೋದರೂ ಸಂಬಂಧ ಏರ್ಪಡುತ್ತದೆ. ಶಾಫಿಈ ಮಝ್‌ಹಬ್‌ನಲ್ಲಿ ಐದು ಸಲ. ಎದೆಯಿಂದಲೇ ಕುಡಿಯಬೇಕೆಂದಿಲ್ಲ, ಒಳಲೆಯಲ್ಲಿ ಕುಡಿಸಿದರೂ ಅದೇ ಹುಕುಮ್. ಇದರಿಂದ ವಾರಸುದಾರಿಕೆ ಬರುವುದಿಲ್ಲ. ಮದುವೆ ಮಾತ್ರ ನಿಷಿದ್ಧವಾಗುತ್ತದೆ.

ಆದ್ದರಿಂದ ಖಾಲಾ ಅಥವಾ ಚಾಚಿ ಹಾಲು ಕೊಟ್ಟರೆ ಬರೆದಿಡಿ: ಯಾರು, ಯಾವ ಮಗುವಿಗೆ, ಯಾವ ದಿನ. ನಮ್ಮಲ್ಲಿ ಹತ್ತಿರದ ನೆಂಟರಲ್ಲೇ ಮದುವೆ ಹೆಚ್ಚಾದ್ದರಿಂದ ಇದು ಇನ್ನೂ ಮುಖ್ಯ. ಜಮಾಅತ್‌ಗಳು ನಿಕಾಹ್ ದಫ್ತರಿನ ಪಕ್ಕದಲ್ಲೇ ಹಾಲಿನ ಸಂಬಂಧದ ಒಂದು ದಫ್ತರ್ ಇಡುವುದು ಒಳ್ಳೆಯದು. ಹಾಲು ಕೊಡುವವರಿಗೆ ಸೋಂಕು ರೋಗಗಳಿಲ್ಲ ಎಂಬ ರಕ್ತಪರೀಕ್ಷೆ ಆಗಿರಲಿ, ಡಾಕ್ಟರಿಗೆ ತಿಳಿಸದೆ ಕೊಡುವುದು ಬೇಡ.

ಹಾಲಿನ ಬ್ಯಾಂಕು ಹೊಸ ವಿಷಯವೇನಲ್ಲ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಡಾ. ಆರ್ಮಿಡಾ ಫರ್ನಾಂಡಿಸ್ ಆರಂಭಿಸಿದರು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ‘ಅಮೃತಧಾರೆ’ ಹೆಸರಿನಲ್ಲಿ ಸರ್ಕಾರಿ ಹಾಲಿನ ಬ್ಯಾಂಕು ಆರಂಭವಾಯಿತು. ದಾನಿಗಳ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಿ ಶೀತದಲ್ಲಿಡುತ್ತಾರೆ. ಕಾಯಿಸುವುದರಿಂದ ಹಾಲಿನ ರಕ್ಷಣಾ ಗುಣ ಸ್ವಲ್ಪ ಕಡಿಮೆಯಾಗುತ್ತದೆ. ಪರೀಕ್ಷೆ, ಯಂತ್ರ, ಸಿಬ್ಬಂದಿಯ ಖರ್ಚೂ ಇದೆ. ಆದ್ದರಿಂದ ಅದು ತಾಯಿಯ ಹಾಲು ಬರುವವರೆಗಿನ ಸೇತುವೆ, ಅದರ ಬದಲಿ ಅಲ್ಲ.

ಉಲಮಾಗಳಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯವಿದೆ. ಹಲವರ ಹಾಲು ಬೆರೆತು ಯಾರು ಯಾರಿಗೆ ಹಾಲಿನ ನೆಂಟರೆಂದು ತಿಳಿಯದೆ ಹೋಗುತ್ತದೆ ಎಂಬ ಕಾರಣದಿಂದ 1985ರಲ್ಲಿ ಜಿದ್ದಾದ ಇಸ್ಲಾಮೀ ಫಿಕ್ಹ್ ಅಕಾಡೆಮಿ ಮುಸ್ಲಿಮ್ ದೇಶಗಳಲ್ಲಿ ಇಂಥ ಬ್ಯಾಂಕುಗಳು ಬೇಡ ಎಂದು ತೀರ್ಮಾನಿಸಿತು. ಮಗುವಿನ ಜೀವದ ಅಗತ್ಯವನ್ನೂ, ದಾನಿ ಯಾರೆಂದು ಖಚಿತವಿಲ್ಲದಿರುವುದನ್ನೂ ಮುಂದಿಟ್ಟು ಶೇಖ್ ಯೂಸುಫ್ ಖರದಾವಿಯಂಥ ವಿದ್ವಾಂಸರು ಅನುಮತಿ ನೀಡಿದರು. ನಮ್ಮ ಸಲಹೆ ಇದು: ಮೊದಲು ತಾಯಿಯ ಹಾಲಿಗೆ ಪೂರ್ಣ ಪ್ರಯತ್ನ, ನಂತರ ಗೊತ್ತಿರುವ ಸ್ತ್ರೀಯ ಹಾಲು. ಎರಡೂ ಇಲ್ಲದೆ, ಬ್ಯಾಂಕಿನ ಹಾಲಿಲ್ಲದಿದ್ದರೆ ಮಗುವಿಗೆ ಅಪಾಯ ಎಂದು ಡಾಕ್ಟರು ಹೇಳಿದರೆ ಒಪ್ಪಿಕೊಳ್ಳಿ, ಒಬ್ಬರೇ ದಾನಿಯ ಹಾಲು ಸಿಗುವುದೇ, ದಾನಿಯ ವಿವರ ಸಿಗುವುದೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಜೀವ ಉಳಿಸುವುದು ಶರೀಅತ್‌ನ ದೊಡ್ಡ ಉದ್ದೇಶಗಳಲ್ಲಿ ಒಂದು. ಮುಫ್ತಿಗಳನ್ನು ಅವಶ್ಯ ಕೇಳಿ, ಆದರೆ ಫತ್ವಾ ಬರುವವರೆಗೆ ಮಗುವನ್ನು ಹಸಿದಿರಿಸಬೇಡಿ.

ಬಿಡಬೇಕಾದ ಕೆಲವು ರೂಢಿಗಳು

ಮೊದಲ ದಿನಗಳ ಹಳದಿ ಗಿಣ್ಣು ಹಾಲನ್ನು ಚೆಲ್ಲುವುದು ಬೇಡ. ಸಣ್ಣ ಮಗುವಿಗೆ ಅದೇ ಮೊದಲ ಲಸಿಕೆ.

ಇಷ್ಟು ಆಝಾನ್ ಆಗುವವರೆಗೆ ಹಾಲು ಕೊಡಬಾರದು ಎಂಬ ಮಾತಿಗೆ ಕುರ್‌ಆನ್‌ನಲ್ಲೂ ಹದೀಸಿನಲ್ಲೂ ಆಧಾರವಿಲ್ಲ. 2016ರಲ್ಲಿ ಕೇರಳದ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂನಲ್ಲಿ ಐದು ಆಝಾನ್‌ವರೆಗೆ ಹಾಲು ಬೇಡ ಎಂದ ತಂದೆಯ ಮೇಲೆ ಪೊಲೀಸ್ ಕೇಸೇ ಆಯಿತು. ಕಿವಿಯಲ್ಲಿ ಆಝಾನ್ ಹೇಳಿ, ಹಾಲೂ ಕೊಡಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ತಹ್ನೀಕ್ ಸುನ್ನತ್. ಆದರೆ ನಳಿಕೆಯಲ್ಲಿ ಹಾಲು ಕುಡಿಯುತ್ತಿರುವ ಮಗುವಿನ ಬಾಯಿಗೆ ಖರ್ಜೂರ ಹಾಕುವುದು ಅಪಾಯ. ಡಾಕ್ಟರು ಹೇಳುವವರೆಗೆ ತಡೆಯಿರಿ, ದುಆ ಮಾಡಿ. ಜೇನುತುಪ್ಪ ಒಂದು ವರ್ಷದವರೆಗೆ ಯಾವ ಮಗುವಿಗೂ ಬೇಡ. ಗುಟ್ಟಿ, ಸಕ್ಕರೆ ನೀರು, ಝಮ್‌ಝಮ್ ಕೂಡ ಈಗ ಬೇಡ. ಝಮ್‌ಝಮ್ ತಾಯಿ ಕುಡಿಯಲಿ.

ರಮಝಾನ್‌ನಲ್ಲಿ ಹಾಲೂಡಿಸುವ ತಾಯಿಗೆ ತನ್ನ ಅಥವಾ ಮಗುವಿನ ಬಗ್ಗೆ ಆತಂಕವಿದ್ದರೆ ಉಪವಾಸ ಬಿಡುವ ರಿಯಾಯಿತಿಯನ್ನು ಪ್ರವಾದಿ(ಸ)ರು ಕೊಟ್ಟಿದ್ದಾರೆ. ಆಮೇಲೆ ಕಝಾ ಮಾಡಬಹುದು. ಅವಳನ್ನು ಯಾರೂ ಚುಚ್ಚಬಾರದು.

ಹೊಗೆಸೊಪ್ಪು ಹದ ಮಾಡುವ ಸುಗ್ಗಿಯಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಕೂಲಿಗೆ ಬೇಡಿಕೆ ಹೆಚ್ಚು. ಬಾಣಂತಿಯನ್ನು ಆ ಕೆಲಸಕ್ಕೆ ಕಳಿಸಬೇಡಿ. ಮನೆಯೊಳಗೆ ಬೀಡಿ ಸೇದುವವರು ಮಗುವಿನ ಹತ್ತಿರ ಸೇದಬೇಡಿ. ಗರ್ಭಿಣಿ ತಂಬಾಕು ಅಗಿದರೆ ಮಗು ಬೇಗ ಹುಟ್ಟುವ, ತೂಕ ಕಡಿಮೆಯಾಗುವ ಸಾಧ್ಯತೆ ಹೆಚ್ಚು.

ಡಬ್ಬಿ ಹಾಲು ಕೊಡಲೇಬೇಕಾದಾಗ

ಕೆಲವು ತಾಯಂದಿರಿಗೆ ಎಷ್ಟು ಪ್ರಯತ್ನಿಸಿದರೂ ಹಾಲು ಸಾಲುವುದಿಲ್ಲ. ಕೆಲವರು ಹೆರಿಗೆಯಲ್ಲೇ ತೀರಿಹೋಗಿರುತ್ತಾರೆ. ಆಗ ಡಾಕ್ಟರು ಹೇಳಿದ ಪುಡಿಯನ್ನು ಕೊಡುವುದು ತಪ್ಪಲ್ಲ. ಶಕ್ತಿ ಮೀರಿದ ಭಾರ ಇಲ್ಲ ಎಂಬುದೂ ಅದೇ ಆಯತಿನ ಮಾತು. ಆ ತಾಯಿಯ ಮನಸ್ಸು ನೋಯಿಸಬೇಡಿ. ಅಂಗಡಿಯವರ ಮಾತು ಕೇಳಿ ಪುಡಿ ಆರಿಸಬೇಡಿ. 1992ರ ಶಿಶು ಹಾಲು ಬದಲಿ ಕಾಯ್ದೆಯ ಪ್ರಕಾರ ಇದರ ಜಾಹೀರಾತು, ತಾಯಂದಿರಿಗೆ ಉಚಿತ ಮಾದರಿ ಹಂಚುವುದು ಅಪರಾಧ. ಕುದಿಸಿದ ನೀರು ಇನ್ನೂ ಬಿಸಿಯಾಗಿರುವಾಗಲೇ ಪುಡಿ ಕಲಸಿ, ಆರಿಸಿ, ಒಳಲೆಯಲ್ಲಿ ಕೊಡಿ. ಉಳಿಸಲೆಂದು ನೀರು ಹೆಚ್ಚಿಸಬೇಡಿ. ಅದು ಮಗುವಿನ ಹೊಟ್ಟೆಗೆ ಮಾಡುವ ಮೋಸ. ಎರಡು ಗಂಟೆಯಲ್ಲಿ ಕುಡಿಯದೆ ಉಳಿದದ್ದನ್ನು ಚೆಲ್ಲಿ.

ಯಾವ ಹಾಲು ಕೊಟ್ಟರೂ, ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಮಗು ಹಾಲು ಬೇಡವೆಂದರೆ, ಮೈ ತಣ್ಣಗಾದರೆ, ಉಸಿರು ಜೋರಾದರೆ ತಡ ಮಾಡದೆ ಆಸ್ಪತ್ರೆಗೆ ಒಯ್ಯಿರಿ. ಮನೆಗೆ ಬರುವ ಆಶಾ ಕಾರ್ಯಕರ್ತೆಯರನ್ನು ಬಾಗಿಲಲ್ಲೇ ಕಳಿಸಬೇಡಿ, ಮಗುವಿನ ತೂಕ ಹಾಕಿಸಿ.

ಜಮಾಅತ್ ಏನು ಮಾಡಬಹುದು?

ಮೇಲಿನ ಲೆಕ್ಕದಲ್ಲಿ ನೋಡಿದಂತೆ ಒಂದು ಬಡ ಕುಟುಂಬಕ್ಕೆ ಆ ಮೂರು ವಾರ ಕಳೆಯಲು ಬೇಕಾದ್ದು ಸುಮಾರು ಹತ್ತು ಸಾವಿರ. ಅರ್ಹ ಬಡವರಾದರೆ ಝಕಾತ್‌ನಿಂದಲೇ ಅವರ ಕೈಗೆ ಕೊಡಬಹುದು. ಇತರರಿಗೆ ಸದಕಾ ನಿಧಿ ಇದೆ. ಮೈಸೂರಿನಲ್ಲಿ ನೆಂಟರಿರುವವರು ಒಂದು ಹೊತ್ತಿನ ಊಟದ ಡಬ್ಬಿ ಆಸ್ಪತ್ರೆಗೆ ಮುಟ್ಟಿಸಬಹುದು. ವರ್ಷಕ್ಕೆ ನಾಲ್ಕೈದು ಇಂಥ ಮಕ್ಕಳಿಗೆ ಆಸರೆಯಾಗುವುದು ಸಣ್ಣ ಊರಿನ ಮಸೀದಿಗೂ ಸಾಧ್ಯ.

ಮೂಸಾ(ಅ)ರ ತಾಯಿಗೆ ಅಲ್ಲಾಹನು ಮಗುವನ್ನು ಮರಳಿಸಿದ್ದು ಹಾಲಿನ ಮೂಲಕ ಎಂಬುದನ್ನು ಸೂರಃ ಅಲ್ ಕಸಸ್‌ನಲ್ಲಿ ಓದುತ್ತೇವೆ. ಆ ಮಗು ಬೇರೆ ಯಾರ ಹಾಲನ್ನೂ ಒಪ್ಪಲಿಲ್ಲ; ತಾಯಿಯ ಕಣ್ಣು ತಂಪಾಯಿತು.

ಯಾ ಅಲ್ಲಾಹ್, ತಿಂಗಳು ತುಂಬದೆ ಬಂದ ನಮ್ಮ ಮಕ್ಕಳಿಗೆ ಆಯುಷ್ಯ ಕೊಡು. ಅವರ ತಾಯಂದಿರ ಎದೆಯಲ್ಲಿ ಹಾಲನ್ನೂ, ತಂದೆಯರ ದುಡಿಮೆಯಲ್ಲಿ ಬರ್ಕತ್ತನ್ನೂ ಕೊಡು. ಅವರ ಕಷ್ಟದಲ್ಲಿ ಕೈ ಹಿಡಿಯುವ ಮನಸ್ಸನ್ನು ನಮಗೆಲ್ಲರಿಗೂ ಕೊಡು. ಆಮೀನ್.